ನೀರಿಗೆ ಬಿಟ್ಟ ಮೀನು

"ಸಿಕ್ಕೈತಕ್ಕಾ! ಎಳೀತೀನಿ, ನೀನು ಇಂದಕ್ಕೆ ನಿಂತ್ಕೊ!"

ಆರುಮುಗಂ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಹಿಂದಕ್ಕೆ ವಾಲಿದ. ಗಣಿ ಕಾರ್ಮಿಕರ ಕೋರಮಂಡಲ್ ಲೈನ್ ಮನೆಗಳ ಹಿಂದೆ, ಗಣಿಯೊಳಕ್ಕೆ ಗಾಳಿ ಹೋಗಲೆಂದು ಎಂದೋ ತೋಡಿದ್ದ ಗುಂಡಿ ಅದು. ಮೇಲೆ ಮುಚ್ಚಿದ್ದ ಕಾಂಕ್ರೀಟ್ ಚಪ್ಪಡಿಯ ಒಂದು ಮೂಲೆ ಒಡೆದಿತ್ತು. ಆ ಸಂದಿಯಿಂದ ಏರಿ ಬರುತ್ತಿದ್ದ ನಾತಕ್ಕೆ ಶಶಿರೇಖ ಸೆರಗನ್ನು ಮೂಗಿಗೆ ಒತ್ತಿಕೊಂಡಳು.

ಕಳೆದ ತಿಂಗಳು ಕ್ಯಾಸಂಬಳ್ಳಿ ದಾರಿಯ ಗೌರಮ್ಮನ ಕೆರೆಯಲ್ಲಿ ಗಾಳದ ಸ್ಪರ್ಧೆ ನಡೆದ ಮೇಲೆ ಅಲ್ಲಿನ ದೊಡ್ಡ ಕಾಟ್ಲಾ ಮೀನುಗಳಲ್ಲಿ ಬಹುಪಾಲು ಮಾಯವಾಗಿದ್ದವು. ಕದ್ದವನು ಮೀನುಗಾರರ ಸಂಘದ ಅಧ್ಯಕ್ಷ ಆದಿನಾರಾಯಣನೇ ಎಂದು ಸ್ಪರ್ಧೆ ನಡೆಸಿದ ಕ್ಲಬ್ಬಿನಿಂದ ಪೊಲೀಸರಿಗೆ ದೂರು ಹೋಗಿತ್ತು.

ಅವನ ಹೆಂಡತಿ ಕನಕಮ್ಮ ರಾಬರ್ಟ್‌ಸನ್‌ಪೇಟೆಗೆ ಬಂದು ಶಶಿರೇಖಳ ಪತ್ತೇದಾರಿ ಕಚೇರಿಯ ಬಾಗಿಲು ತಟ್ಟಿದ್ದಳು. ಕಚೇರಿ ಎಂದರೆ ಒಂದೇ ಕೋಣೆ. ಬರುತ್ತಿದ್ದ ಕೆಲಸವೂ ಹೆಚ್ಚಾಗಿ ಒಂದೇ ಬಗೆಯದು: ಮದುವೆ ಗಂಡುಗಳ ನಡತೆ ವಿಚಾರಿಸುವುದು. ನಿನ್ನೆ ಈ ಲೈನಿಗೂ ಅವಳು ಅಂಥದೇ ಒಬ್ಬ ಗಂಡನ್ನು ವಿಚಾರಿಸಲು ಬಂದಿದ್ದಳು. ತಲೆಯ ಮೇಲೆ ಹದ್ದುಗಳು ಒಂದೇ ಕಡೆ ಸುತ್ತುತ್ತಿದ್ದವು. ಯಾಕೆಂದು ಕೇಳಿದಾಗ, ಲಗೇಜ್ ಆಟೋ ಓಡಿಸುವ ಆರುಮುಗಂ ಬೇಸರದಿಂದ, "ಗುಂಡಿ ಒಳ್ಗಿಂದ ಮೀನು ಕೊಳ್ತ ನಾತ ಅಕ್ಕಾ. ವಾರಗಟ್ಲೆ ಆಯ್ತು, ಒಂದ್ ತುತ್ತು ಸೋರು ತಿನ್ನೋಕಾಗಲ್ಲ" ಎಂದಿದ್ದ.

ಮೀನು ಎಂಬ ಒಂದು ಮಾತು ಅವಳಿಗೆ ಸಾಕಾಗಿತ್ತು.

ಕೊಕ್ಕೆಗೆ ಸಿಕ್ಕಿದ್ದ ಗಂಟು ಸಂದಿಯಲ್ಲಿ ತುರುಕಿಕೊಂಡು ಹೊರಬಂದು ನೆಲಕ್ಕೆ ಬಿತ್ತು. ಮೂಟೆಯಲ್ಲ, ಫ್ಲೆಕ್ಸ್. ದೊಡ್ಡ ಫ್ಲೆಕ್ಸ್ ಒಂದನ್ನು ಸುರುಳಿ ಸುತ್ತಿ ಎರಡೂ ತುದಿ ಕಟ್ಟಿದ್ದರು. ಆರುಮುಗಂ ಹಗ್ಗ ಕೊಯ್ದು ಬಿಚ್ಚಿದ.

ಒಳಗೆ ಕೊಳೆತ ಕಾಟ್ಲಾಗಳು. ತಲೆಗಳು ಬಿಂದಿಗೆಯಷ್ಟು ದಪ್ಪ. ಫ್ಲೆಕ್ಸಿನ ಮೇಲೆ ಟೋಪಿ ಹಾಕಿ ನಗುತ್ತಿದ್ದ ಒಬ್ಬ ಮನುಷ್ಯ. ಕೆಳಗೆ ಹಳದಿ ಅಕ್ಷರ: 'ಹಿಡಿಯಿರಿ, ತೂಗಿರಿ, ಬಿಡಿರಿ! ಮೀನು ಉಳಿಸಿ!'

"ಯಾರಕ್ಕಾ ಇವ್ನು, ಕೊಳ್ತ ಮೀನ್ ನಡುವೆ ಈ ಪಾಟಿ ನಗ್ತಾವ್ನೆ?"

"ಅಂಬರೀಶ್. ಸ್ಪರ್ಧೆ ನಡೆಸೋ ಕ್ಲಬ್ಬಿನ ಯಜಮಾನ."

ಶಶಿರೇಖ ಕಡ್ಡಿಯಿಂದ ಒಂದು ಮೀನಿನ ಬಾಯಿ ಅಗಲಿಸಿದಳು. ತುಟಿ ಹರಿದಿತ್ತು. ಗಾಳ ಕಚ್ಚಿದ ಗುರುತು. ದವಡೆಯಲ್ಲಿ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಸಿಕ್ಕಿಸಿದ್ದರು. ತೂಕವಾದ ಮೀನಿಗೆ ಮಾತ್ರ ಕ್ಲಬ್ಬಿನವರು ಅದನ್ನು ಕಟ್ಟುತ್ತಿದ್ದರು. ಇನ್ನೊಂದು ಮೀನಿನ ಹೊಟ್ಟೆ ಒಡೆದು ಮೊಟ್ಟೆಗಳ ಗೊಂಚಲು ಕಪ್ಪಾಗಿ ಹೊರಬಿದ್ದಿತ್ತು.

ಸಂಘದವರು ಈ ದೊಡ್ಡ ಮೀನುಗಳನ್ನು ಮಾರುತ್ತಿರಲಿಲ್ಲ. ಮಳೆಗಾಲಕ್ಕೆ ಮೀನುಮರಿ ಸಾಕುವ ಕೇಂದ್ರಕ್ಕೆ ಒಯ್ದು ಮೊಟ್ಟೆ ಇಡಿಸಿ, ಆ ಮರಿಗಳನ್ನೇ ತಂದು ಕೆರೆಗೆ ಬಿಡುತ್ತಿದ್ದರು. ತಾಯಿ ಮೀನು ಎಂದೇ ಕರೆಯುತ್ತಿದ್ದರು. ಸ್ಪರ್ಧೆಗೆ ಬಂದವರಿಗೆ ಬೇಕಾಗಿದ್ದುದೂ ಅವೇ, ಏಕೆಂದರೆ ತೂಕ ಇದ್ದುದು ಅವಕ್ಕೇ.

ಮೊಬೈಲ್ ಹೊಡೆದುಕೊಂಡಿತು. ಕನಕಮ್ಮ.

"ಅಕ್ಕಾ, ಎಸ್ಸೈ ಬಂದು ನಮ್ಮಾಯಪ್ಪನ್ನ ಜೀಪ್ನಾಗೆ ಕೂರಿಸ್ಕೊಂಡು ಕೆರೆ ತಾವ್ಕೆ ಓದ್ರು. ಇವತ್ತು ಫೈನಲ್ಲಂತೆ, ಎಸ್ಸೈಗೆ ಅಲ್ಲೇ ಬಂದೋಬಸ್ತಂತೆ. ಆಟ ಮುಗುದ್ಮ್ಯಾಕೆ ಅರೆಸ್ಟ್ ಮಾಡಿ ಬಂಗಾರಪೇಟೆ ಕೋರ್ಟಿಗೆ ಕರ್ಕೊಂಡೋಗ್ತಾರಂತೆ. ಕೆರೇನೂ ಕ್ಲಬ್ಬಿಗೆ ಕೊಟ್ಟಂಗೆ ಅಂತ ಮೈಕ್ನಾಗೆ ಯೋಳ್ತಾರಂತೆ..."

"ಕನಕಮ್ಮ, ಅಳ್ಬೇಡ. ನಿಮ್ಮ ಸಂಘದಲ್ಲಿ ಮರಿ ಮೀನು ಇಡೋ ಬಲೆ ಪಂಜರ ಇದೆ ಅಂದಿದ್ಯಲ್ಲ?"

"ಐತೆ. ಯಾಕಕ್ಕಾ?"

"ಅದನ್ನ ದಡಕ್ಕೆ ತಂದು ನೀರಲ್ಲಿ ಕಟ್ಟಿಸು. ನಾನು ಬಂದೆ."

ಅವಳು ಸ್ಕೂಟರ್ ಹತ್ತಿದಳು. ಹಿಂದೆ ಆರುಮುಗಂ, ಫ್ಲೆಕ್ಸಿನ ಗಂಟನ್ನು ಆಟೋದಲ್ಲಿ ಹಾಕಿಕೊಂಡು, ಮುಖಕ್ಕೆ ಟವೆಲ್ ಕಟ್ಟಿ ಹೊರಟ.

ಕೆರೆಯ ಏರಿಯ ಮೇಲೆ ಜಾತ್ರೆಯಷ್ಟು ಜನ. ಶಾಮಿಯಾನದ ಮುಂದೆ ಬಹುಮಾನದ ಬುಲೆಟ್ ಬೈಕಿಗೆ ಹೂವಿನ ಹಾರ. ದಡದುದ್ದಕ್ಕೂ ಬಣ್ಣದ ಕುರ್ಚಿ, ಕೊಡೆ, ಫಳಫಳ ಹೊಳೆಯುವ ಗಾಳದ ಕೋಲುಗಳು. ಬೆಂಗಳೂರಿಂದ, ಹೊಸೂರಿಂದ, ಬಂಗಾರಪೇಟೆಯಿಂದ ಬಂದವರು.

ಒಬ್ಬನ ಕೋಲು ಬಿಲ್ಲಿನಂತೆ ಬಾಗಿತ್ತು. ಮೀನು ಬಹಳ ಹೊತ್ತು ಎಳೆದಾಡಿತು. ಸುಸ್ತಾಗಿ ದಡಕ್ಕೆ ಬಂದದ್ದನ್ನು ಕಿವಿರಿಗೆ ಕೈ ಹಾಕಿ ಎತ್ತಿದರು. ಕಾದ ಟಾರ್ಪಾಲಿನ ಮೇಲೆ ಮಲಗಿಸಿ ಅಳತೆ ಹಿಡಿದರು. ಒಬ್ಬೊಬ್ಬರಾಗಿ ಎದೆಗೆ ಅಪ್ಪಿಕೊಂಡು ಫೋಟೊ ಹಿಡಿಸಿಕೊಂಡರು. ಆಮೇಲೆ ಅದು ಪ್ಲಾಸ್ಟಿಕ್ ಟಬ್ಬಿಗೆ ಬಿತ್ತು. ಟಬ್ಬಿನಲ್ಲಿ ಆಗಲೇ ಮೂರ್ನಾಲ್ಕು ಮೀನು ಒಂದರ ಮೇಲೊಂದು ಬಿದ್ದು ಬಾಯಿ ಬಡಿಯುತ್ತಿದ್ದವು.

"ನಮ್ಮ ದೋಣಿ ಈಗ ಇವನ್ನು ನಡುನೀರಿಗೆ ಒಯ್ದು ಸುರಕ್ಷಿತವಾಗಿ ಬಿಡುತ್ತದೆ!" ಮೈಕಿನಲ್ಲಿ ಅಂಬರೀಶನ ದನಿ. "ಒಂದು ಮೀನಿಗೂ ನೋವಿಲ್ಲ, ಒಂದು ಮೀನೂ ಸಾಯೋದಿಲ್ಲ. ಇದು ಆಟ, ಬೇಟೆ ಅಲ್ಲ!"

ಜನ ಚಪ್ಪಾಳೆ ತಟ್ಟಿದರು.

ಏರಿಯ ಕೆಳಗೆ ಜೀಪು ನಿಂತಿತ್ತು. ಹಿಂದಿನ ಸೀಟಿನಲ್ಲಿ ಆದಿನಾರಾಯಣ ತಲೆ ತಗ್ಗಿಸಿ ಕುಳಿತಿದ್ದ. ಸಬ್ ಇನ್ಸ್‌ಪೆಕ್ಟರ್ ಚಿರಂಜೀವಿ ಬಾನೆಟ್ಟಿಗೆ ಒರಗಿದ್ದ.

"ಸಾರ್, ಒಂದೇ ಒಂದು ಬೇಡಿಕೆ," ಎಂದಳು ಶಶಿರೇಖ. "ಇವತ್ತಿನ ಮೀನು ನಡುನೀರಿಗೆ ಬೇಡ. ಇಲ್ಲೇ ದಡದಲ್ಲಿ, ಆ ಬಲೆ ಪಂಜರದೊಳಕ್ಕೆ ಬಿಡ್ಲಿ. ನೀರೂ ಅದೇ, ಕೆರೆಯೂ ಅದೇ."

"ಯಾಕೆ ಮೇಡಂ?"

"ಬಿಟ್ಟ ಮೀನು ಏನಾಗುತ್ತೆ ಅಂತ ಇದುವರೆಗೂ ಯಾರೂ ನೋಡಿಲ್ಲ. ಈ ಕೇಸು ನಿಂತಿರೋದೇ ಅದರ ಮೇಲೆ. ನೋಡ್ಬಿಡೋಣ."

ಚಿರಂಜೀವಿ ಅವಳನ್ನು ದಿಟ್ಟಿಸಿದ. ಅವನಿಗೂ ಈ ದೂರು ಪೂರ್ತಿ ಜೀರ್ಣವಾಗಿರಲಿಲ್ಲ ಎಂದು ಕಾಣುತ್ತದೆ. ಟೋಪಿ ಹಾಕಿಕೊಂಡು ವೇದಿಕೆಯ ಕಡೆ ನಡೆದ.

ಅಂಬರೀಶ್ ಒಪ್ಪಲಿಲ್ಲ. "ಸಾರ್, ನಿಯಮದಲ್ಲಿ ಇಲ್ಲ. ದಡದ ನೀರು ಬಿಸಿ ಇರುತ್ತೆ."

"ಮಕ್ಕರಿ ಬುಟ್ಟಿ ಆಳದ ಪಂಜರ ಅಲ್ಲ ಸ್ವಾಮಿ, ಆಳೆತ್ತರ ಐತೆ," ಕನಕಮ್ಮ ಗುಂಪಿನಿಂದ ಕೂಗಿದಳು. "ನಮ್ ಮರಿಗಳು ತಿಂಗ್ಳುಗಟ್ಲೆ ಅದ್ರಾಗೇ ಬದುಕ್ತಾವೆ!"

ವೇದಿಕೆಯ ನಡುವಿನ ಕುರ್ಚಿಯಲ್ಲಿದ್ದ ಪಂಚಾಯ್ತಿ ಅಧ್ಯಕ್ಷೆ ಮಂಗಮ್ಮ ಕೈ ಎತ್ತಿದರು. "ಬಿಡ್ಲಿ ಬಿಡಪ್ಪ ಅಂಬರೀಶು. ಸಾಯಾಕಿಲ್ಲ ಅಂತ ನೀನೇ ಯೋಳ್ದ್ಯಲ್ಲ. ಊರೋರೂ ನೋಡ್ಲಿ."

ಜನ ಹೋ ಎಂದರು. ಅಂಬರೀಶನಿಗೆ ಬೇರೆ ದಾರಿ ಉಳಿಯಲಿಲ್ಲ.

ಟಬ್ಬುಗಳು ಪಂಜರಕ್ಕೆ ಖಾಲಿಯಾದವು. ಮೀನುಗಳು ಒಮ್ಮೆ ಬಾಲ ಬಡಿದು ಕೆಳಕ್ಕಿಳಿದವು. ಅಂಬರೀಶ್ ಗೆದ್ದವನಂತೆ ನಕ್ಕ. "ನೋಡಿದ್ರಾ? ಈಜ್ತಾ ಹೋದ್ವು!"

ಭಾಷಣಗಳು ಶುರುವಾದವು. ಕೆರೆಯ ಅಭಿವೃದ್ಧಿ, ಪ್ರವಾಸೋದ್ಯಮ, ಯುವಕರಿಗೆ ಕೆಲಸ. ಶಶಿರೇಖ ಯಾವುದನ್ನೂ ಕೇಳಲಿಲ್ಲ. ಪಂಜರದ ಪಕ್ಕ, ಕಾಲು ನೀರಲ್ಲಿ ಇಳಿಬಿಟ್ಟು ಕೂತಿದ್ದಳು. ಮೀನು ಸಾಯದೆ ಹೋದರೆ? ಸಾಯಲಿ ಎಂದು ಕಾಯುತ್ತಿರುವ ತನ್ನ ಬಗ್ಗೆಯೇ ಅವಳಿಗೆ ಒಂದು ಗಳಿಗೆ ಅಸಹ್ಯವಾಯಿತು.

ಮೊದಲು ಒಂದು ಕಾಟ್ಲಾ ಮೇಲೆ ಬಂತು. ಓರೆಯಾಗಿ, ಬಾಯಿ ತೆರೆದು. ನೆಟ್ಟಗಾಗಲು ಹೆಣಗಾಡಿತು. ನಿಧಾನಕ್ಕೆ ಬೆಳ್ಳನೆಯ ಹೊಟ್ಟೆ ಆಕಾಶಕ್ಕೆ ತಿರುಗಿತು.

"ಅಯ್ಯೋ ನಮ್ಮಮ್ಮ..." ಕನಕಮ್ಮ ಬಾಯಿಗೆ ಸೆರಗಿಟ್ಟಳು.

ಆಮೇಲೆ ಇನ್ನೊಂದು. ಮತ್ತೊಂದು. ವೇದಿಕೆಯ ಮುಂದಿದ್ದ ಜನ ಕುರ್ಚಿ ಬಿಟ್ಟು ದಡಕ್ಕೆ ಬಂದರು. ಭಾಷಣ ಮಾಡುತ್ತಿದ್ದವರ ದನಿ ಕೇಳುವವರಿಲ್ಲದೆ ನಿಂತಿತು. ಅರ್ಧಕ್ಕರ್ಧ ಮೀನು ಮೇಲೆ ತೇಲುತ್ತಿತ್ತು.

ಅಂಬರೀಶ್ ಜನರನ್ನು ತಳ್ಳಿಕೊಂಡು ಬಂದ. "ಇವತ್ತು ಬಿಸಿಲು ಜಾಸ್ತಿ. ಪಂಜರದಲ್ಲಿ ಏನೋ ಹಾಕಿದಾರೆ. ಹೋದ ತಿಂಗಳು ಒಂದೂ ಸತ್ತಿಲ್ಲ! ಸತ್ತಿದ್ರೆ ತೇಲ್ಬೇಕಿತ್ತಲ್ಲ? ಯಾರಾದ್ರೂ ನೋಡಿದ್ರಾ?"

ನಿಜ, ಯಾರೂ ನೋಡಿರಲಿಲ್ಲ.

"ಆರುಮುಗಂ!" ಶಶಿರೇಖ ಕೂಗಿದಳು.

ಆಟೋ ಏರಿಯಿಂದ ಇಳಿದು ಬಂತು. ಗಂಟು ನೆಲಕ್ಕೆ ಬಿತ್ತು. ಫ್ಲೆಕ್ಸ್ ಬಿಚ್ಚಿಕೊಂಡಾಗ ನಾತಕ್ಕೆ ಮುಂದಿನ ಸಾಲು ಹಿಂದಕ್ಕೆ ಹಾರಿತು. ಕೊಳೆತ ಮೀನುಗಳ ನಡುವಿಂದ ಅಂಬರೀಶನ ನಗುಮುಖ ಎಲ್ಲರನ್ನೂ ನೋಡಿತು.

ಯಾರೋ ಕಿಸಕ್ಕೆಂದರು. ಆ ನಗು ಏರಿಯ ಉದ್ದಕ್ಕೂ ಹರಡಿತು.

"ನನ್ನ ಫ್ಲೆಕ್ಸ್ ಯಾರೋ ಕದ್ದಿದಾರೆ!" ಅಂಬರೀಶ್ ಕಿರುಚಿದ. "ಆದಿನಾರಾಯಣ ಬಲೆ ಹಾಕಿ ಹಿಡಿದು, ನನ್ನ ಹೆಸರು ಕೆಡಿಸೋಕೆ ಇದರಲ್ಲಿ ಸುತ್ತಿದಾನೆ."

ಶಶಿರೇಖ ಜಗಳಕ್ಕೆ ಹೋಗಲಿಲ್ಲ. ಬೈದರೆ ಬಾಯಿ ಮುಚ್ಚುವವರು ಹೊಗಳಿದರೆ ತೆರೆಯುತ್ತಾರೆ ಎಂಬುದನ್ನು ಅವಳು ಎಷ್ಟೋ ಮದುವೆ ಗಂಡುಗಳ ಮನೆಯ ಜಗಲಿಯಲ್ಲಿ ಕಲಿತಿದ್ದಳು. ದನಿ ತಗ್ಗಿಸಿದಳು.

"ಇರಬಹುದು ಸಾರ್. ಒಂದು ಮಾತು ಮಾತ್ರ ನಿಜ. ಯಾರೇ ಎತ್ತಿರ್ಲಿ, ಒಳ್ಳೇ ಕೆಲಸ ಮಾಡಿದಾರೆ. ಇಷ್ಟು ಮೀನು ಇಲ್ಲೇ ಕೊಳೆತಿದ್ರೆ ಊರಿನ ದನ ಈ ನೀರು ಮುಟ್ತಿರ್ಲಿಲ್ಲ. ಅಷ್ಟು ಜವಾಬ್ದಾರಿ ಈ ಸಂಘದವರಿಗೆ ಎಲ್ಲಿಂದ ಬರಬೇಕು?"

"ಅದೇ ನಾನೂ ಹೇಳೋದು ಮೇಡಂ!" ಅಂಬರೀಶನ ಮುಖ ಅರಳಿತು. "ಇವರಿಗೆಲ್ಲಿ ಜವಾಬ್ದಾರಿ? ಮಾರನೇ ಬೆಳಿಗ್ಗೆ ದೋಣಿ ಕಳಿಸಿ ಕೆರೆ ಕ್ಲೀನ್ ಮಾಡಿಸಿದ್ದು ಯಾರು? ಇಲ್ದಿದ್ರೆ ಊರೆಲ್ಲ ನಾತ..."

ಮಾತು ಅಲ್ಲೇ ನಿಂತಿತು. ಅವನ ಕಣ್ಣು ಚಿರಂಜೀವಿಯ ಕಡೆ ಹೊರಳಿತು.

ಜನ ಒಂದು ಹೆಜ್ಜೆ ಹತ್ತಿರ ಬಂದರು.

"ಏನು ಕ್ಲೀನ್ ಮಾಡಿಸಿದ್ರಿ ಅಂಬರೀಶ್?" ಚಿರಂಜೀವಿ ಮೆಲ್ಲಗೆ ಕೇಳಿದ. "ಒಂದೂ ಸತ್ತಿಲ್ಲ ಅಂದ್ರಲ್ಲ?"

"ಸಾರ್... ಸತ್ತ ಮೀನು ಎತ್ತಿ ಬಿಸಾಕೋದು ಅಪರಾಧಾನಾ?"

"ಅಲ್ಲ. ನೀವೇ ಎತ್ತಿ ಬಿಸಾಕಿ, ಕಳ್ಳತನ ಆಯ್ತು ಅಂತ ಇನ್ನೊಬ್ಬನ ಮೇಲೆ ನನ್ನ ಠಾಣೆಗೆ ದೂರು ಕೊಟ್ರಲ್ಲ, ಅದು ಅಪರಾಧ."

ಚಿರಂಜೀವಿ ಜೀಪಿನ ಹತ್ತಿರ ಹೋಗಿ ತಾನೇ ಬಾಗಿಲು ತೆರೆದ. "ಇಳಿಯಪ್ಪ ಆದಿನಾರಾಯಣ. ಮನೆಗೆ ಹೋಗು."

ಆದಿನಾರಾಯಣ ಇಳಿದ. ಕಾಲು ನೆಲಕ್ಕೆ ಊರಲು ಹೆದರಿದವನಂತೆ ಒಂದು ಗಳಿಗೆ ಜೀಪನ್ನೇ ಹಿಡಿದು ನಿಂತ. ಕನಕಮ್ಮ ಓಡಿ ಬಂದು ಅವನ ಎದೆಗೆ ಎರಡೂ ಕೈಯಿಂದ ಗುದ್ದಿದಳು. "ಅಂಗೇ ನಿಂತೀಯಲ್ಲಾ, ಬಾರಯ್ಯಾ! ಬಾ, ಕೆರೆ ನೋಡು!" ಎಂದು ಅತ್ತಳು, ನಕ್ಕಳು, ಮತ್ತೆ ಅತ್ತಳು.

ಬಹುಮಾನ ಗೆದ್ದವನಿಗೆಂದು ಕರೆಸಿದ್ದ ತಮಟೆಯವರು ಕೆಲಸವಿಲ್ಲದೆ ಕೂತಿದ್ದರು. ಯಾರೋ, "ಬಡೀರ್ಲಾ, ಇನ್ಯಾವಾಗ ಬಡೀತೀರಾ!" ಎಂದು ಕೂಗಿದರು. ತಮಟೆ ಗುಡುಗಿತು. ಸಂಘದ ಹುಡುಗರು ಬುಲೆಟ್ಟಿನ ಹಾರವನ್ನೇ ತೆಗೆದು ಆದಿನಾರಾಯಣನ ಕೊರಳಿಗೆ ಹಾಕಿ ಹೆಗಲ ಮೇಲೆ ಎತ್ತಿಕೊಂಡರು.

ಅತಿ ದೊಡ್ಡ ಮೀನು ಹಿಡಿದಿದ್ದವನು ಬಂಗಾರಪೇಟೆಯ ಟೈಲ್ಸ್ ಅಂಗಡಿಯವನು. ಪಂಜರದಲ್ಲಿ ತೇಲುತ್ತಿದ್ದ ತನ್ನ ಮೀನನ್ನು ಬಗ್ಗಿ ನೋಡಿದ. ಆಮೇಲೆ, ಫೋಟೊಗೆಂದು ಆಗಲೇ ಕೈಗೆ ಕೊಟ್ಟಿದ್ದ ಬೈಕಿನ ಬೀಗದ ಕೈಯನ್ನು ವೇದಿಕೆಯ ಮೇಜಿನ ಮೇಲಿಟ್ಟು, "ಬಿಟ್ಟಿದ್ದು ಬದುಕುತ್ತೆ ಅಂತಾನೇ ನಂಬ್ಕೊಂಡಿದ್ದೆ ಕಣ್ರೀ," ಎಂದು ಯಾರಿಗೋ ಹೇಳಿ, ಕೋಲು ಮಡಚಿ ಹೊರಟ. ಅವನ ಹಿಂದೆ ಇನ್ನೂ ಕೆಲವರು ಕುರ್ಚಿ ಮಡಚಿದರು.

ಮಂಗಮ್ಮ ಮೈಕ್ ಹಿಡಿದರು.

"ಕೇಳ್ರಪ್ಪ! ಗೌರಮ್ಮನ ಕೆರೆ ಸಂಘದ್ದೇ. ಇವತ್ತೂ ಸಂಘದ್ದೇ, ನಾಳೆಗೂ ಸಂಘದ್ದೇ. ಗಾಳದಾಟ ಇವತ್ತಿಗೆ ಬಂದ್. ಕ್ಲಬ್ಬಿಗೆ ಕೊಡೋ ಮಾತು ಇನ್ ಮ್ಯಾಕೆ ಯಾರೂ ಎತ್ಕೂಡ್ದು!"

ಕೆರೆಯ ಆಚೆ ದಡಕ್ಕೂ ಕೇಳುವಂತೆ ಜನ ಕೂಗಿದರು. ಆರುಮುಗಂ ಟವೆಲನ್ನು ತಲೆಗೆ ಸುತ್ತಿ ತಮಟೆಯ ಮುಂದೆ ಕುಣಿಯುತ್ತಿದ್ದ. ಶಶಿರೇಖ ನೀರಿನಲ್ಲಿ ಮುಖ ತೊಳೆದುಕೊಂಡಳು. ಬೆಳಿಗ್ಗೆಯಿಂದ ಮೂಗಿಗೆ ಅಂಟಿದ್ದ ನಾತ ಹೋಗಿರಲಿಲ್ಲ. ಆದರೂ ಮೈ ಹಗುರವಾಗಿತ್ತು. ಮದುವೆ ಗಂಡುಗಳ ಸುಳ್ಳು ಹಿಡಿದಾಗ ಯಾರೂ ಹೀಗೆ ತಮಟೆ ಬಡಿದಿರಲಿಲ್ಲ.

"ಅಕ್ಕಾ, ಉಣ್ದಲೆ ಓಗಂಗಿಲ್ಲ," ಕನಕಮ್ಮ ಬಂದು ಕೈ ಹಿಡಿದಳು. "ದೂರು ಬಂದಾಗ ಪೊಲೀಸ್ನೋರು ಕಿತ್ಕೊಂಡೋಗಿ ಬೀಗ ಆಕಿದ್ ಬಲೆ ಬಿಟ್ಟವ್ರೆ. ಮೊದ್ಲು ಬಿದ್ದಿದ್ದು ನಿಂಗೆ. ಮುದ್ದೆಗೆ ಎಸ್ರು ಮಾಡ್ತೀನಿ."

ಹುಡುಗರು ಆಗಲೇ ಬಲೆ ಹೊತ್ತು ನೀರಿಗಿಳಿದಿದ್ದರು. ಹೆಗಲಿನಿಂದ ಕೆಳಗಿಳಿದ ಆದಿನಾರಾಯಣ ದಡದಲ್ಲಿ ನಿಂತು ನೋಡುತ್ತಿದ್ದ. ಬಲೆ ಹಿಡಿದವರು ಬಲಗಡೆಯ ಜಾಲಿ ಪೊದೆಗಳ ಮೂಲೆಗೆ ತಿರುಗಿದರು.

"ಏಯ್! ಆ ಮೂಲೆಗೆ ಬ್ಯಾಡ ಕಣ್ರಲಾ! ಈ ಕಡೀಕ್ ಬನ್ನಿ!"

ಅವನ ದನಿಯಲ್ಲಿ ಇದ್ದಕ್ಕಿದ್ದಂತೆ ಏನೋ ಬದಲಾಗಿತ್ತು. ತಮಟೆಯ ಗದ್ದಲದಲ್ಲಿ ಹುಡುಗರಿಗೆ ಅದು ಕೇಳಿಸಲಿಲ್ಲ. ಶಶಿರೇಖಳಿಗೆ ಕೇಳಿಸಿತು.

ಬಲೆ ಭಾರವಾಗಿ ಬಂತು. ಹುಡುಗರು ಕೇಕೆ ಹಾಕುತ್ತ ದಡಕ್ಕೆ ಎಳೆದರು. ಕೇಕೆ ಅರ್ಧಕ್ಕೇ ನಿಂತಿತು.

ಬಲೆಯಲ್ಲಿ ಕಾಟ್ಲಾ ಇರಲಿಲ್ಲ. ರೋಹು ಇರಲಿಲ್ಲ. ಕಪ್ಪನೆಯ, ಹುರುಪೆಯೇ ಇಲ್ಲದ, ತೋಳಿನುದ್ದದ ಮೀನುಗಳು ಮೀಸೆ ಆಡಿಸುತ್ತ ಒಂದರ ಮೇಲೊಂದು ಹೊರಳುತ್ತಿದ್ದವು. ನೀರಿನಿಂದ ಹೊರಬಂದರೂ ಅವಕ್ಕೆ ಏನೂ ಆದಂತೆ ಕಾಣಲಿಲ್ಲ. ಒಂದು ಬಲೆಯಿಂದ ನುಸುಳಿ ಕೆಸರಿನಲ್ಲಿ ತೆವಳತೊಡಗಿತು.

"ಏನಲಾ ಇದು? ಇದ್ನ ಯಾರು ಬಿಟ್ರು?"

ಕನಕಮ್ಮ ಕೈಗೆ ಸಿಕ್ಕ ಕುಡುಗೋಲಿನಿಂದ ಒಂದರ ಹೊಟ್ಟೆ ಸೀಳಿದಳು. ಒಳಗಿಂದ ಬೆರಳುದ್ದದ ಮೀನು ಮರಿಗಳು ರಾಶಿ ರಾಶಿಯಾಗಿ ಜಾರಿ ಬಿದ್ದವು. ಸಂಘದವರು ಆ ವರ್ಷ ಕೆರೆಗೆ ಬಿಟ್ಟಿದ್ದ ಮರಿಗಳು.

ಆ ಮೀನಿನ ಚಿತ್ರವನ್ನು ಶಶಿರೇಖ ಎಲ್ಲೋ ಪತ್ರಿಕೆಯಲ್ಲಿ ನೋಡಿದ್ದಳು. ಆಫ್ರಿಕನ್ ಕ್ಯಾಟ್‌ಫಿಷ್. ಸಾಕಲೇಬಾರದೆಂದು ಸರ್ಕಾರ ನಿಷೇಧಿಸಿದ್ದು. ಒಂದು ಕೆರೆಗೆ ನುಗ್ಗಿದರೆ ಉಳಿದ ಮೀನನ್ನೆಲ್ಲ ನುಂಗುವಂಥದು.

ಅವಳು ನೇರ ಜೀಪಿನ ಹತ್ತಿರ ಹೋದಳು. ಒಳಗೆ ಈಗ ಅಂಬರೀಶ್ ಕೂತಿದ್ದ. "ಇದೂ ನಿಮ್ಮದೇನಾ? ಗಾಳ ಜೋರಾಗಿ ಎಳೀಲಿ ಅಂತ ಬಿಟ್ರಾ?"

ಅಂಬರೀಶ್ ಕಿಟಕಿಯಿಂದ ಇಣುಕಿ ಬಲೆಯ ಕಡೆ ನೋಡಿದ. ಮುಖದ ಬಣ್ಣ ಇಳಿಯಿತು. "ನನ್ನಾಣೆ ಇಲ್ಲ ಮೇಡಂ. ಇದಿದೆ ಅಂತ ಗೊತ್ತಿದ್ರೆ ನಾನು ಈ ಕೆರೇನ ಕೇಳ್ತಾನೇ ಇರ್ಲಿಲ್ಲ."

ಸುಳ್ಳು ಹೇಳುವವರ ಮುಖ ಅವಳಿಗೆ ಪರಿಚಯ. ಇದು ಆ ಮುಖವಲ್ಲ.

ಶಶಿರೇಖ ಯಾರಿಗೂ ಹೇಳದೆ ಜಾಲಿ ಪೊದೆಗಳ ಕಡೆ ನಡೆದಳು. ಮುಳ್ಳು ಸೀರೆಗೆ ಸಿಕ್ಕಿತು. ಬಿಡಿಸಿಕೊಂಡು ಬಗ್ಗಿ ಒಳಹೊಕ್ಕಳು. ಪೊದೆಯ ಹಿಂದೆ ತಗಡಿನ ಬೇಲಿ. ಒಂದು ತಗಡು ಕಳಚಿದ್ದ ಸಂದಿಯಿಂದ ನುಸುಳಿದಳು. ಒಳಗೆ ಟಾರ್ಪಾಲ್ ಹಾಸಿದ ದೊಡ್ಡ ಹೊಂಡ, ಅಂಚಿನವರೆಗೂ ನೀರು. ಹೊಂಡದ ಕಟ್ಟೆಯ ಮೇಲಂಚು ಒಂದು ಕಡೆ ಹೊಸದಾಗಿ ಕುಸಿದು, ಅಲ್ಲಿಂದ ಸಣ್ಣ ಕಾಲುವೆಯೊಂದು ನೇರ ಕೆರೆಗೆ ಹರಿದಿತ್ತು.

ಅವಳ ನೆರಳು ಬಿದ್ದದ್ದೇ ತಡ, ಊಟ ಬಂತೆಂದುಕೊಂಡು ಹೊಂಡದ ನೀರು ಕುದಿದಂತೆ ಎದ್ದಿತು. ನೂರಾರು ಬಾಯಿಗಳು. ನೂರಾರು ಮೀಸೆಗಳು.

"ಅಕ್ಕಾ. ಈಚೀಕ್ ಬನ್ನಿ."

ಆದಿನಾರಾಯಣ ಹಿಂದೆಯೇ ಬಂದಿದ್ದ. ಕೊರಳಲ್ಲಿ ಹಾರ ಹಾಗೇ ಇತ್ತು. ಮುಖದಲ್ಲಿ ಒಂದು ತೊಟ್ಟು ಸಂತೋಷ ಉಳಿದಿರಲಿಲ್ಲ.

"ನಿನಗೆ ಗೊತ್ತಿತ್ತು," ಎಂದಳು ಶಶಿರೇಖ. "ಯಾರದು ಇದು?"

"ನಂದಲ್ಲಕ್ಕಾ. ನನ್ ಮಕ್ಕಳಾಣೆಗೂ ನಂದಲ್ಲ."

"ಯಾರದು ಅಂತ ಕೇಳ್ದೆ ಆದಿನಾರಾಯಣ."

"ನನ್ನ ಬಿಡಿಸಿದ್ರಲ್ಲ, ಅಷ್ಟೇ ಸಾಕಕ್ಕಾ. ನಿಮ್ ಕಾಲಿಗೆ ಬೀಳ್ತೀನಿ. ಇದ್ನ ಕೇಳ್ಬ್ಯಾಡಿ. ಜೈಲ್ನಾಗಿದ್ರೂ ಬದುಕ್ತಿದ್ದೆ. ಇದ್ನ ಯೋಳಿದ್ರೆ..."

ಅವನು ಅಲ್ಲಿಗೇ ನಿಲ್ಲಿಸಿದ. ಕಣ್ಣು ಅವಳ ಭುಜದ ಮೇಲಿಂದ ಹಿಂದಕ್ಕೆ ನೋಡುತ್ತಿತ್ತು.

ಹಿಂದೆ, ಬೇಲಿಯ ತಗಡಿನ ಬಾಗಿಲಿಗೆ ಹೊರಗಿಂದ ಬೀಗದ ಕೈ ತಿರುಗುವ ಸದ್ದು. ಬೀಗ ಬಿಚ್ಚಿಕೊಂಡಿತು. ಸ್ವಂತ ಮನೆಯ ಬಾಗಿಲು ತೆರೆದಷ್ಟು ಸಲೀಸಾಗಿ ಅದನ್ನು ತಳ್ಳಿಕೊಂಡು ಒಳಬಂದವರು ಒಬ್ಬರೇ. ಒಂದು ಕೈಯಲ್ಲಿ ಬೀಗದ ಕೈಗಳ ಗೊಂಚಲು, ಇನ್ನೊಂದರಲ್ಲಿ ಊರಿಗೆಲ್ಲ ಹಂಚುತ್ತಿದ್ದ ಸಿಹಿಯ ಡಬ್ಬಿ.

ಪಂಚಾಯ್ತಿ ಅಧ್ಯಕ್ಷೆ ಮಂಗಮ್ಮ ಡಬ್ಬಿಯನ್ನು ಶಶಿರೇಖಳ ಮುಂದೆ ಚಾಚಿದರು. ಕಣ್ಣು ಮಾತ್ರ ಅವಳನ್ನು ದಾಟಿ ಆದಿನಾರಾಯಣನ ಮೇಲೆ ನೆಟ್ಟಿತ್ತು.

"ತಕ್ಕೊಳಮ್ಮ, ಬಾಯಿ ಸಿಹಿ ಮಾಡ್ಕೊ," ಎಂದರು ಮಂಗಮ್ಮ. "ಏನಪ್ಪ ಆದಿ... ಅಕ್ಕನಿಗೆ ಯೋಳ್ಬುಟ್ಯಾ?"